ವಿಜ್ಞಾನಿಗೆ ಕಾಲೇಜು ತೋರಿಸುವ ಶಾಸ್ತ್ರ

ಹೊರಗಿನವರ ಮುಂದೆ ಮನೆಯ ಕೊರತೆ ಮುಚ್ಚಿಡುವುದರಲ್ಲಿ ನನ್ನಷ್ಟು ದಡ್ಡ ಇನ್ನೊಬ್ಬನಿರಲಾರ. ನೆಂಟರು ಬರುತ್ತಾರೆಂದು ಹರಿದ ಸೋಫಾದ ಮೇಲೆ ಹೊಸ ಹೊದಿಕೆ ಹಾಸುವವನೂ ನಾನೇ, ಅವರು ಕೂರಲು ಹೊರಟಾಗ "ಅಲ್ಲಿ ಬೇಡ, ಸ್ಪ್ರಿಂಗ್ ಚುಚ್ಚುತ್ತೆ" ಎನ್ನುವವನೂ ನಾನೇ. ಹೀಗಾಗಿ ನೆಂಟರ ಮುಂದೆ ಬಾಯಿ ಬಿಡಬಾರದೆಂದು ಹೆಂಡತಿಯ ಕಟ್ಟಪ್ಪಣೆಯಾಗಿದೆ. ಇಂಥವನ ಕೊರಳಿಗೆ ನಮ್ಮ ಕಾಲೇಜಿನ ಮಾನ ಬಂದು ಬಿತ್ತು.

ನಾನು ಕೊಳ್ಳೇಗಾಲದ ಒಂದು ಖಾಸಗಿ ಕಾಲೇಜಿನಲ್ಲಿ ಮನಃಶಾಸ್ತ್ರದ ಮೇಷ್ಟ್ರು. ವಿದೇಶದಿಂದ ಮಿದುಳು ವಿಜ್ಞಾನಿಯೊಬ್ಬರನ್ನು ಕರೆತಂದರೆ ಅವರ ಸಂಬಳ, ಯಂತ್ರಗಳ ಖರ್ಚು ಎಲ್ಲವೂ ಸರ್ಕಾರದ್ದು ಎಂಬ ಯೋಜನೆಯೊಂದು ಬಂತು. ಅಂಥವರು ಬಂದರೆ ಹನೂರು, ಕಾಮಗೆರೆ ಕಡೆಯ ಮರೆವಿನ ಕಾಯಿಲೆಯ ಹಿರಿಯರನ್ನು ಮೈಸೂರಿಗೆ ಹೊತ್ತೊಯ್ಯುವುದು ತಪ್ಪುತ್ತದೆ. ನನಗೂ ಒಂದು ಪ್ರಯೋಗಾಲಯ ಸಿಗುತ್ತದೆ. ಜರ್ಮನಿಯಲ್ಲಿದ್ದ ಮೈಸೂರಿನ ಡಾಕ್ಟರ್ ಶಾರದಾ "ಒಮ್ಮೆ ಬಂದು ನೋಡ್ತೀನಿ" ಎಂದರು. ಅವರು ಒಲ್ಲೆ ಎಂದರೆ ಹಣ ಬೇರೆ ಕಾಲೇಜಿನ ಪಾಲು.

ನಮ್ಮ ಟ್ರಸ್ಟಿನ ಅಧ್ಯಕ್ಷರು ಸತ್ತೇಗಾಲದ ಜಮೀನ್ದಾರ ಗುರುಮಲ್ಲಪ್ಪನವರು. "ಇದೂ ಎಣ್ಣು ತೋರ್ಸೋ ಶಾಸ್ತ್ರನೇ ಕಣ್ರಿ ಮೇಷ್ಟ್ರೇ. ನಾವು ಎಣ್ಣಿನ ಕಡೆಯೋರು. ಉಪ್ಪಿಟ್ಟು, ಬೋಂಡ ಚೆನ್ನಾಗಿರ್ಲಿ. ಕೊರತೆ ಒಂದೂ ಕಾಣಬಾರ್ದು" ಎಂದರು.

ಕೊರತೆ ನನ್ನ ಮೇಜಿನ ಮೇಲೇ ಇತ್ತು. ಮಿದುಳಿನ ಮಾದರಿ ಕೊಳ್ಳಲು ಕಾಲೇಜಿಗೆ ಎಂದೂ ಮನಸ್ಸಾಗದೆ, ನಾನು ಇಷ್ಟು ವರ್ಷವೂ ಸಂತೆಯ ಹೂಕೋಸು ಹಿಡಿದೇ ಬಲಭಾಗ, ಎಡಭಾಗ ಎಂದು ಪಾಠ ಮಾಡಿದವನು. ಶಾರದಾ ಬರುವ ದಿನ ಬೆಳಿಗ್ಗೆ ಅಧ್ಯಕ್ಷರು ಅದನ್ನು ಕಂಡವರೇ ಟವಲಿನಲ್ಲಿ ಸುತ್ತಿ, ಅಡುಗೆಯ ಉಸ್ತುವಾರಿಗೆ ಬಂದಿದ್ದ ತಮ್ಮ ಹೆಂಡತಿ ಶಿವಮ್ಮನವರಿಗೆ ಕೊಟ್ಟುಬಂದರು. ನನಗೂ ನಿರಾಳವಾಯಿತು.

ಶಾರದಾ ಬಂದರು, ಬೋಂಡ ಮೆಚ್ಚಿದರು, ಮತ್ತೊಂದು ತೆಗೆದುಕೊಂಡರು. ಅಧ್ಯಕ್ಷರು ತಾಯಿತಂದೆ, ಒಡಹುಟ್ಟಿದವರನ್ನೆಲ್ಲ ವಿಚಾರಿಸಿ, "ನಮ್ದು ಒಳ್ಳೇ ಸಂಸ್ಥೆ ಕಣವ್ವ, ಯಾವ ಕೊರತೆನೂ ಇಲ್ಲ" ಎಂದರು.

"ಪಾಠಕ್ಕೆ ಮಿದುಳಿನ ಮಾದರಿ ಇದೆಯಾ? ನೋಡಬಹುದಾ?" ಎಂದು ಶಾರದಾ ನನ್ನ ಕಡೆ ತಿರುಗಿದರು.

ನನ್ನ ಹಾಳು ನಾಲಿಗೆ ಸುಮ್ಮನಿರಬೇಕಲ್ಲ! "ನೀವೀಗ ತಿಂತಿದ್ದೀರಲ್ಲ ಮೇಡಂ, ಅದೇ" ಎಂದುಬಿಟ್ಟೆ.

ಅಧ್ಯಕ್ಷರು ಟವಲಿನಿಂದ ಮುಖ ಒರೆಸಿಕೊಳ್ಳತೊಡಗಿದರು. ಬಾಗಿಲಲ್ಲಿ ನಿಂತಿದ್ದ ಶಿವಮ್ಮನವರು, "ಇನ್ನೂ ಅರ್ಧ ಅಂಗೇ ಐತೆ ಕಣವ್ವ, ತರ್ಲಾ?" ಎಂದರು.

ಶಾರದಾ ನಕ್ಕರು ನೋಡಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಮ್ಮ ಕಡೆ ಗಂಡಿನವರು ಊರಿಗೆ ಹೋಗಿ ತಿಳಿಸುತ್ತೇವೆ ಎನ್ನುವುದು ವಾಡಿಕೆ. ಇವರು ತಟ್ಟೆ ಕೆಳಗಿಡುವ ಮೊದಲೇ ಅಧ್ಯಕ್ಷರತ್ತ ತಿರುಗಿ, "ನಿಮ್ಮ ಕಾಲೇಜಿಗೇ ಬರ್ತೀನಿ ಸರ್. ಆದರೆ ಮೊದಲು ಇವರಿಗೊಂದು ಮಿದುಳು ಕೊಡಿಸಬೇಕು" ಎಂದರು. ನನಗೆ ಕುಣಿಯುವಷ್ಟು ಸಂತೋಷವಾಯಿತು.

ಸರ್ಕಾರದ ಹಣದಲ್ಲಿ ಮೊದಲು ಬಂದದ್ದು ಅದೇ, ಬಿಚ್ಚಿ ಜೋಡಿಸಬಹುದಾದ ಪ್ಲಾಸ್ಟಿಕ್ ಮಿದುಳು. ಹೆಮ್ಮೆಯಿಂದ ಮನೆಗೆ ತಂದು ತೋರಿಸಿದೆ. ಹೆಂಡತಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಸದ್ಯ, ಈಗಲಾದರೂ ಬಂತಲ್ಲ. ಭಾನುವಾರ ನೆಂಟರು ಬರ್ತಾರೆ, ಜೊತೆಗಿಟ್ಟುಕೊಂಡೇ ಕೂತ್ಕೊಳ್ಳಿ" ಎಂದಳು.