ಬರಿಗಾಲಿನ ಬಡ್ತಿ

ಅವತ್ತಿನ ರಾದ್ಧಾಂತಕ್ಕೆಲ್ಲ ಮೂಲ ಕಡಲೆಕಾಳಿನಷ್ಟು ದೊಡ್ಡ ಒಂದು ಬೊಬ್ಬೆ. ಅದು ಎದ್ದದ್ದು ಎಂಟೂವರೆಯ ಬಲಗಾಲಿನ ಹಿಮ್ಮಡಿಯಲ್ಲಿ.

ಎಂಟೂವರೆ ಎಂಬುದು ಮನುಷ್ಯನ ಹೆಸರು. ಅಪ್ಪ ಅಮ್ಮ ಇಟ್ಟದ್ದಲ್ಲ, ಬೂಟಿನಂಗಡಿಯಲ್ಲಿ ಇಟ್ಟದ್ದು. ಮೀಸೆ ಮೂಡಿದಾಗಿನಿಂದ ಅವನು ಅಲ್ಲಿ ಸೇಲ್ಸ್‌ಮನ್. ಊರಿನವರ ಕಾಲಿಗೆಲ್ಲ ಬೂಟು ಹೊಂದಿಸಿದ ಅವನ ಕಾಲಿಗೆ ಮಾತ್ರ ಬೂಟು ಹೊಂದುತ್ತಿರಲಿಲ್ಲ. ಎಂಟನೇ ನಂಬರು ಕಚ್ಚುತ್ತಿತ್ತು, ಒಂಬತ್ತು ಕಳಚಿಕೊಂಡು ಹಿಂದೆ ಉಳಿಯುತ್ತಿತ್ತು. ನಡುವಿನದನ್ನು ಕಂಪನಿಯವರು ಮಾಡುತ್ತಿರಲಿಲ್ಲ. "ದೇವರು ನಿನ್ನ ಪಾದ ಮಾಡೋವಾಗ ಕಂಪನಿಯವರನ್ನ ಒಂದು ಮಾತು ಕೇಳ್ಬೇಕಿತ್ತು" ಎಂದು ಅಂಗಡಿಯ ಯಜಮಾನರು ಹೇಳುತ್ತಿದ್ದರು. ಅದನ್ನು ತಮಾಷೆಗೆ ಹೇಳುತ್ತಿದ್ದರೋ ದೂರಿನಂತೆ ಹೇಳುತ್ತಿದ್ದರೋ ತಿಳಿಯುತ್ತಿರಲಿಲ್ಲ.

ಯಜಮಾನರದ್ದು ಒಂದೇ ಕಟ್ಟಳೆ. ಅಂಗಡಿಯಲ್ಲಿ ಕೆಲಸ ಮಾಡುವವರು ಅಂಗಡಿಯ ಬೂಟನ್ನೇ ಹಾಕಬೇಕು, ಬಾಗಿಲು ತೆಗೆದಾಗಿನಿಂದ ಮುಚ್ಚುವವರೆಗೆ ಬಿಚ್ಚಬಾರದು. "ಅಡುಗೆಯವನೇ ಉಣ್ಣದ ಹೋಟ್ಲಿಗೆ ಯಾರಯ್ಯ ಬರ್ತಾರೆ?" ಎಂಬುದು ಅವರ ಪ್ರಶ್ನೆ.

ಹಿಂದಿನ ದಿನ ಸಂಜೆ ಅವರು ಹೇಳಿದ್ದರು: "ಪಕ್ಕದ ರಸ್ತೇಲಿ ಹೊಸ ಅಂಗಡಿ ತೆಗೀತಿದೀನಿ. ಅದಕ್ಕೆ ಮ್ಯಾನೇಜರ್ ಯಾರು ಅಂತ ನಾಳೆ ಬಾಗಿಲು ಹಾಕೋ ಹೊತ್ತಿಗೆ ಹೇಳ್ತೀನಿ. ಇಬ್ರೂ ಹೊಸ ಬೂಟು ಹಾಕ್ಕೊಂಡು ಬನ್ನಿ."

ಇಬ್ಬರು ಎಂದರೆ ಎಂಟೂವರೆ ಮತ್ತು ಪಾಲಿಷ್. ಪಾಲಿಷ್ ಇನ್ನೊಬ್ಬ ಸೇಲ್ಸ್‌ಮನ್. ಅವನ ಬೂಟಿನ ಮೂತಿಯಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು. ಅವನು ಬಾಚುತ್ತಲೂ ಇದ್ದ.

ಬೆಳಿಗ್ಗೆ ಎಂಟೂವರೆ ಹೊಸ ಬೂಟಿಗೆ ಕಾಲು ತೂರಿಸಿ ಎದ್ದು ನಿಂತ. ಕಾಲಿನ ಬೊಬ್ಬೆ ಬಾಯಿಯ ಬೊಬ್ಬೆಯಾಯಿತು.

"ರೀ, ಮೆಲ್ಲಗೆ" ಎಂದಳು ಹೆಂಡತಿ. "ಕೆಳಗಿನ ಮನೆಯವರಿಗೆ ಕೇಳಿಸುತ್ತೆ. ಕುಂಟಬೇಡಿ ಮತ್ತೆ. ಮ್ಯಾನೇಜರಿಗೆ ಕಾಲು ಊನ ಅಂದ್ಕೋತಾರೆ."

"ಇನ್ನೂ ಆಗಿಲ್ಲ ಕಣೇ."

"ಎಲ್ರಿಗೂ ಹೇಳಿ ಆಗಿದೆ. ಇನ್ನು ನೀವು ಆಗೋದೊಂದೇ ಬಾಕಿ."

ಎಂಟೂವರೆ ಏಡಿಯ ಹಾಗೆ ಅಡ್ಡಡ್ಡ ಮೆಟ್ಟಿಲಿಳಿದ. ಕೆಳಗೆ ಡ್ರಿಲ್ ಮೇಷ್ಟ್ರು ನಿಂತಿದ್ದರು. ಅದೇ ಕಟ್ಟಡದ ನೆಲಮಹಡಿಯಲ್ಲಿದ್ದ ಅವರು ಸ್ಕೂಲಿನಿಂದ ನಿವೃತ್ತರಾದರೂ ಡ್ರಿಲ್ಲಿನಿಂದ ಆಗಿರಲಿಲ್ಲ. ನಿವೃತ್ತಿಯ ದಿನ ಬಿಚ್ಚಿದ ಕ್ಯಾನ್ವಾಸ್ ಬೂಟನ್ನು ಮತ್ತೆ ಹಾಕಿರಲಿಲ್ಲ. ಅವರ ಅಂಗಾಲು ಹಳೇ ಟೈರಿನಂತಿತ್ತು. ಅವರು ಮೊಳೆ ತುಳಿದರೆ ಮೊಳೆ ಡೊಂಕಾಗುತ್ತಿತ್ತು.

"ನಿಲ್ಲಯ್ಯ! ಏನದು ನಡಿಗೆ?" ಎಂದರು ಮೇಷ್ಟ್ರು.

"ಬೂಟು ಕಚ್ಚುತ್ತೆ ಮೇಷ್ಟ್ರೇ."

"ಕಚ್ಚೋ ನಾಯೀನ ಯಾರಾದ್ರೂ ಕಾಲಿಗೆ ಕಟ್ಕೊಂಡು ತಿರುಗ್ತಾರೇನಯ್ಯಾ? ಬಿಚ್ಚು. ಪಾರ್ಕಲ್ಲಿ ಒಂದು ಸುತ್ತು ಹುಲ್ಲಿನ ಮೇಲೆ ನಡಿ. ಬೊಬ್ಬೆ ಅಲ್ಲ, ಬೊಬ್ಬೆಯ ಅಪ್ಪನೂ ಇಳೀತಾನೆ. ಬೂಟು ನಾನು ಹಿಡ್ಕೊಂಡಿರ್ತೀನಿ."

ಮೇಷ್ಟ್ರು ಹೇಳಿದ ಮೇಲೆ ಮುಗಿಯಿತು. ಪಾರ್ಕು ಎದುರಿಗೇ ಇತ್ತು. ಎಂಟೂವರೆ ಹುಲ್ಲಿನ ಮೇಲೆ ಕಾಲಿಟ್ಟ. ಹುಲ್ಲು ತಣ್ಣಗಿತ್ತು, ಒದ್ದೆಯಾಗಿತ್ತು. ಎಷ್ಟೋ ವರ್ಷದಿಂದ ಒಂದರ ಮೇಲೊಂದು ಮಲಗಿದ್ದ ಬೆರಳುಗಳು ಎದ್ದು ದೂರ ದೂರ ಕುಳಿತವು. ಅವನಿಗೆ ಯಾಕೋ ಅಳು ಬರುವಂತಾಯಿತು. ಒಂದು ಸುತ್ತು ಎಂದವನು ಇನ್ನೊಂದು ಹಾಕಿದ.

ತಿರುಗಿ ಬಂದರೆ ಮೇಷ್ಟ್ರ ಕೈ ಖಾಲಿ.

"ಬೂಟೆಲ್ಲಿ ಮೇಷ್ಟ್ರೇ?"

"ತರಕಾರಿ ಗಾಡಿಯವನು ಹೋಗ್ತಿದ್ದ. ಪಾಪ, ಬರಿಗಾಲು. ಕೊಟ್ಬಿಟ್ಟೆ."

ಎಂಟೂವರೆ ರಸ್ತೆಯ ಎರಡೂ ತುದಿ ನೋಡಿದ, ಗಾಡಿಯ ಸುಳಿವಿರಲಿಲ್ಲ. "ಬರಿಗಾಲು ಒಳ್ಳೇದು ಅಂದ್ರಲ್ಲ! ಮತ್ತೆ ಅವನಿಗ್ಯಾಕೆ ಬೂಟು?"

"ನಾವಾಗಿ ಬಿಚ್ಚಿದ್ರೆ ಅದು ಆರೋಗ್ಯ ಕಣಯ್ಯ" ಎಂದರು ಮೇಷ್ಟ್ರು ಶಾಂತವಾಗಿ. "ಇಲ್ಲದೇ ಇದ್ರೆ ಬಡತನ. ಎರಡಕ್ಕೂ ವ್ಯತ್ಯಾಸ ಇದೆ."

ಮನೆಗೆ ಹೋಗಿ ಹಳೇ ಚಪ್ಪಲಿಯನ್ನಾದರೂ ಮೆಟ್ಟಿಕೊಳ್ಳೋಣವೆಂದು ಎಂಟೂವರೆ ತಲೆ ಎತ್ತಿದ. ಬಾಲ್ಕನಿಯಲ್ಲಿ ಹೆಂಡತಿ ನಿಂತಿದ್ದಳು. ಅವಳ ಅಕ್ಕಪಕ್ಕ ಕಟ್ಟಡದ ಹೆಂಗಸರೆಲ್ಲ ಮ್ಯಾನೇಜರನ್ನು ಬೀಳ್ಕೊಡಲು ಸಾಲಾಗಿ ನಿಂತಿದ್ದರು. ಅವರು ಕೈಬೀಸಿದರು. ಅವನೂ ಕೈಬೀಸಿ, ಪೊದೆಯ ಮರೆಯಲ್ಲಿ ಬಗ್ಗಿಕೊಂಡೇ ಪಾರ್ಕಿನ ಹಿಂಬಾಗಿಲಿಂದ ರಸ್ತೆಗೆ ಬಿದ್ದ. ಹೋಗುತ್ತಿರುವುದು ಬೂಟಿನಂಗಡಿಗೆ, ಕೆರೆಯಲ್ಲಿ ನಿಂತವನಿಗೆ ನೀರಿಗೆ ಬರವೇ ಎಂದು ತನಗೆ ತಾನೇ ಹೇಳಿಕೊಂಡ.

ಹುಲ್ಲು ಬೇರೆ, ರಸ್ತೆ ಬೇರೆ ಎಂಬುದನ್ನು ಮೇಷ್ಟ್ರು ಹೇಳಿರಲಿಲ್ಲ. ಜಲ್ಲಿ ಕಂಡಲ್ಲಿ ಎಂಟೂವರೆ ಕೋಳಿಯಂತೆ ಕಾಲೆತ್ತಿ ಇಟ್ಟ. ಟಾರು ಕಾದಲ್ಲಿ ಕುಣಿದ. ಒಬ್ಬ ಅಜ್ಜಿ ಅವನ ಮೊಣಕೈ ಹಿಡಿದು, "ಬಾ ಮಗಾ, ಹೆದರಬೇಡ" ಎಂದು ರಸ್ತೆ ದಾಟಿಸಿದಳು.

ಪುಣ್ಯಕ್ಕೆ ಯಜಮಾನರು ಇನ್ನೂ ಬಂದಿರಲಿಲ್ಲ. ಕೌಂಟರಿನ ಅಕ್ಕ ಅವನ ಮುಖ ನೋಡಿ ನಕ್ಕಳು, ಕಾಲು ನೋಡಿ ನಗು ನಿಲ್ಲಿಸಿದಳು.

"ಗೋಡೌನಿನ ಬೀಗದ ಕೈ ಕೊಡಕ್ಕಾ, ಬೇಗ."

"ಪಾಲಿಷ್ ಹತ್ರ ಇದೆ."

ಪಾಲಿಷ್ ಕುರ್ಚಿಯಲ್ಲಿ ಕುಳಿತು ತನ್ನ ಬಲಬೂಟಿನ ಮೂತಿಯಲ್ಲಿ ಹಲ್ಲು ನೋಡಿಕೊಳ್ಳುತ್ತಿದ್ದ. ಎಂಟೂವರೆಯ ಪಾದಗಳನ್ನು ನಿಧಾನವಾಗಿ, ಒಂದೊಂದೇ ಬೆರಳು ನೋಡಿದ. ಬಹುಮಾನ ಬಂದವನ ಕಳೆ ಅವನ ಮುಖದಲ್ಲಿ ಮೂಡಿತು.

"ಬೀಗದ ಕೈ ಕೊಡೋದಕ್ಕೇನಣ್ಣ" ಎಂದ. "ಆದ್ರೆ ಯಜಮಾನರನ್ನ ಕೇಳದೆ ಒಂದು ಲೇಸೂ ಹೊರಗೆ ಬರಬಾರದು ಅಂತ ಅವರೇ ಹೇಳಿದಾರಲ್ಲ. ಬರ್ಲಿ, ಕೇಳೋಣ."

ಹೊರಗೆ ಇದ್ದದ್ದು ಷೋಕೇಸಿನ ಬೂಟುಗಳು. ಕಳ್ಳರ ಭಯಕ್ಕೆ ಷೋಕೇಸಿನಲ್ಲಿ ಬರೀ ಎಡಗಾಲಿನದನ್ನು ಮಾತ್ರ ಇಡುತ್ತಿದ್ದರು. ಎಂಟೂವರೆ ಒಂದು ಕಪ್ಪು, ಒಂದು ಕಂದು, ಎರಡು ಎಡಬೂಟು ತೆಗೆದು ಏರಿಸಿಕೊಂಡ. ಎರಡು ಪಾದವೂ ಎಡಕ್ಕೇ ತಿರುಗಿದವು. ಗಿರಾಕಿಯ ಕಡೆಗೆ ಹೊರಟವನು ಗೋಡೆಯ ಕಡೆಗೆ ತಲುಪುತ್ತಿದ್ದ. ಆದರೂ ಹೇಗೋ ಸುಧಾರಿಸಿಕೊಳ್ಳುತ್ತಿದ್ದನೋ ಏನೋ, ಅಷ್ಟರಲ್ಲಿ ಒಬ್ಬ ದಪ್ಪ ಕನ್ನಡಕದ ಗಿರಾಕಿ ಬಂದು ಅವನ ಬಲಗಾಲಿಗೆ ಬೆರಳು ತೋರಿಸಿದರು.

"ಅದು ಚೆನ್ನಾಗಿದೆ. ಅದನ್ನೇ ತೋರಿಸಿ."

"ಅದು... ಬೇರೆ ಬಣ್ಣದಲ್ಲೂ ಇದೆ ಸಾರ್."

"ಗೊತ್ತು. ಇನ್ನೊಂದು ಕಾಲಲ್ಲಿ ಕಾಣ್ತಿದೆ."

ಗಿರಾಕಿ ದೇವರ ಸಮಾನ. ಎಂಟೂವರೆ ಬಲಗಾಲಿನದನ್ನು ಬಿಚ್ಚಿಕೊಟ್ಟ. ಆಮೇಲೆ ಹೋಲಿಸಿ ನೋಡಬೇಕೆಂದಾಗ ಎಡಗಾಲಿನದನ್ನೂ ಕೊಟ್ಟ. ಹೀಗೆ ಅವನು ಅಂಗಡಿಯ ನಟ್ಟನಡುವೆ ಬರಿಗಾಲಲ್ಲಿ ನಿಂತಿರುವಾಗ ಬಾಗಿಲಲ್ಲಿ ಪರಿಚಿತ ದನಿ ಕೇಳಿತು.

"ಭೇಷ್! ಇನ್ನೂ ಬಿಟ್ಟಿಲ್ಲ ನೋಡು, ಅದಕ್ಕೇ ನೀನು ನನ್ನ ಶಿಷ್ಯ!"

ಶಿಷ್ಯನ ಪ್ರಗತಿ ನೋಡಲು ಡ್ರಿಲ್ ಮೇಷ್ಟ್ರು ಬರಿಗಾಲಲ್ಲೇ ಬಂದಿದ್ದರು. ಬಂದವರು ಸುಮ್ಮನಿರಲಿಲ್ಲ. ದಪ್ಪ ಕನ್ನಡಕದವರ ಕೈಯಿಂದ ಬೂಟು ಕಿತ್ತುಕೊಂಡು, ಅದರ ಮೂತಿಯನ್ನು ಹಿಂಡಿ, "ಇದರೊಳಗೆ ಐದು ಬೆರಳು ಹಿಡಿಸುತ್ತೇನ್ರಿ? ಬಸ್ಸಿನಲ್ಲಿ ಜನ ತುಂಬಿದ ಹಾಗೆ ತುಂಬ್ತೀರಲ್ಲ, ನಿಮಗೆ ಕರುಣೆ ಇಲ್ವಾ?" ಎಂದು ಕೇಳಿದರು. ಕನ್ನಡಕದವರು ತಮಗೆ ಕರುಣೆ ಇದೆಯೋ ಇಲ್ಲವೋ ಹೇಳದೆ ಹೊರಟುಹೋದರು. ಅವರು ಹೋದ ಬಾಗಿಲಿನಿಂದಲೇ ಯಜಮಾನರು ಒಳಗೆ ಬಂದರು.

ಯಜಮಾನರು ಭಾರಿ ಆಳು. ಭಾರಿ ಚರ್ಮದ ಬೂಟು ಹಾಕುತ್ತಿದ್ದರು. ನಾಲ್ಕು ಹೆಜ್ಜೆಗೊಮ್ಮೆ ನಿಂತು, ಏನೋ ಯೋಚಿಸುವವರಂತೆ ಉಸಿರು ಬಿಡುತ್ತಿದ್ದರು. ಈಗಲೂ ನಿಂತು ಉಸಿರು ಬಿಟ್ಟರು. ಎರಡು ಜೊತೆ ಬರಿಗಾಲು ನೋಡಿದರು.

"ಎಂಟೂವರೆ, ಬೂಟೆಲ್ಲಯ್ಯ?"

ಎಂಟೂವರೆ ಒಂದು ಪಾದದ ಹಿಂದೆ ಇನ್ನೊಂದನ್ನು ಬಚ್ಚಿಡಲು ನೋಡಿದ. ಪಾಲಿಷ್ ಸಹಾಯಕ್ಕೆ ಬಂದ.

"ಬೆಳಿಗ್ಗೆಯಿಂದ ಹೀಗೇ ಇದಾರೆ ಸಾರ್. ಇವರು ಅವರ ಗುರುಗಳಂತೆ. ಈಗಷ್ಟೇ ಒಬ್ಬ ಗಿರಾಕೀನ ಓಡಿಸಿದ್ರು."

ಮ್ಯಾನೇಜರ್ ಕೆಲಸ ಹೋಯಿತು, ಇದ್ದ ಕೆಲಸವೂ ಹೊಸ್ತಿಲಲ್ಲಿ ನಿಂತಿದೆ ಎಂದು ಎಂಟೂವರೆಗೆ ತಿಳಿಯಿತು. ಬಾಲ್ಕನಿಯ ಹೆಂಗಸರು ಕಣ್ಮುಂದೆ ಬಂದರು. ಮುಳುಗುವವನು ಹುಲ್ಲುಕಡ್ಡಿ ಹಿಡಿಯುತ್ತಾನಂತೆ. ಎಂಟೂವರೆಯೂ ಹುಲ್ಲನ್ನೇ ಹಿಡಿದ.

"ಬೇಕು ಅಂತಲೇ ಬಿಚ್ಚಿದ್ದು ಸಾರ್! ಬೂಟು ಮಾರೋನಿಗೆ ಬೂಟಿಲ್ಲದ ಕಾಲಿನ ಸುಖ ಗೊತ್ತಿರಬೇಕು ಸಾರ್. ಇವತ್ತು ಹುಲ್ಲಿನ ಮೇಲೆ ನಡೆದೆ. ಏನ್ ಹೇಳ್ಲಿ? ತಂಪು ಅಂಗಾಲಿಂದ ಹತ್ತಿ ನೆತ್ತಿಗೆ ಬಂತು. ನನ್ನ ಕಿರುಬೆರಳು ಇನ್ನೂ ಜೀವಂತ ಇದೆ ಅಂತ ಇವತ್ತೇ ಗೊತ್ತಾಗಿದ್ದು. ಜೈಲಿಂದ ಬಿಡುಗಡೆ ಆದೋರ ಹಾಗೆ ಹತ್ತು ಬೆರಳೂ ಒಂದನ್ನೊಂದು ನೋಡ್ಕೊಂಡ್ವು ಸಾರ್. ಸೊಂಟ ಹಗುರ, ತಲೆ ಹಗುರ, ಯಾರ ಮೇಲೂ ಸಿಟ್ಟಿಲ್ಲ..."

ಅವನು ಅಷ್ಟು ಮಾತಾಡಿದ್ದನ್ನು ಅಂಗಡಿಯಲ್ಲಿ ಯಾರೂ ಕೇಳಿರಲಿಲ್ಲ. ಮಾಲು ಮಾರುವಾಗಲೂ ಅವನು ಹಾಗೆ ಮಾತಾಡಿದವನಲ್ಲ.

ಯಜಮಾನರು ಗಿರಾಕಿಗಳ ಕುರ್ಚಿಯಲ್ಲಿ ಕುಳಿತರು. ಬಗ್ಗಿದರು. ಲೇಸು ಬಿಚ್ಚಿದರು. ಕಾಲುಚೀಲ ಎಳೆದರು. ಪಾದಗಳು ಕಲ್ಲಿನ ಕೆಳಗೆ ಬೆಳೆದ ಹುಲ್ಲಿನಂತೆ ಬಿಳಿಚಿಕೊಂಡಿದ್ದವು, ಅಲ್ಲಲ್ಲಿ ಆಣಿ. ಅವುಗಳನ್ನು ಮೆಲ್ಲಗೆ ನೆಲಕ್ಕಿಟ್ಟರು.

"ಆಹಾ" ಎಂದರು.

ಎದ್ದು ಬಾಗಿಲ ತನಕ ನಡೆದರು, ವಾಪಸು ಬಂದರು. ನಡುವೆ ನಿಲ್ಲಲಿಲ್ಲ, ಉಸಿರೂ ಬಿಡಲಿಲ್ಲ.

"ಹಿತ್ತಲಲ್ಲಿ ಮಣ್ಣಿದೆ" ಎಂದರು ಮೇಷ್ಟ್ರಿಗೆ. "ನಡೀತೀರಾ ನನ್ ಜೊತೆ?"

ಇಬ್ಬರೂ ಹಿಂಬಾಗಿಲಿಂದ ಹೋದರು. ಮಧ್ಯಾಹ್ನವಾಯಿತು, ಬರಲಿಲ್ಲ. ಕೌಂಟರಿನ ಅಕ್ಕ ಕಿಟಕಿಯಿಂದ ನೋಡಿ ಬಂದು ವರದಿ ಕೊಟ್ಟಳು: "ಎಡ ಬಲ, ಎಡ ಬಲ ಮಾಡ್ತಿದಾರೆ. ಯಜಮಾನರು ನಗ್ತಿದಾರೆ. ನಾನು ಸೇರಿದಾಗಿನಿಂದ ನೋಡಿರಲಿಲ್ಲ ಕಣೋ. ನಿಂಗೇ ಮ್ಯಾನೇಜರ್ ಕೆಲಸ, ಬರ್ಕೋ."

ಪಾಲಿಷ್ ಸ್ವಲ್ಪ ಹೊತ್ತು ಯೋಚಿಸಿದ. ಆಮೇಲೆ ಯಾರೂ ನೋಡದಿರುವಾಗ ತನ್ನ ಬೂಟನ್ನೂ ಬಿಚ್ಚಿ ಸ್ಟೂಲಿನ ಕೆಳಗೆ ಸರಿಸಿದ. ತಲೆ ಬಾಚಿಕೊಳ್ಳಲು ಎಲ್ಲಿ ನೋಡಬೇಕೆಂದು ತಿಳಿಯದೆ ಬಾಚಣಿಗೆಯನ್ನು ಜೇಬಿಗಿಟ್ಟ.

ಎಂಟೂವರೆ ಮನೆಗೆ ಫೋನು ಮಾಡಿದ. "ಆಗೋ ಹಾಗೆ ಕಾಣುತ್ತೆ ಕಣೇ."

"ಆಯ್ತು ಅನ್ನಿ" ಎಂದಳು ಹೆಂಡತಿ ದನಿ ತಗ್ಗಿಸಿ. "ಎಲ್ರೂ ಇಲ್ಲೇ ಕೂತಿದಾರೆ."

"ಆಯ್ತು" ಎಂದ ಎಂಟೂವರೆ.

ಬಾಗಿಲು ಹಾಕುವ ಹೊತ್ತಿಗೆ ಯಜಮಾನರು ಒಳಗೆ ಬಂದರು. ಮೊಣಕಾಲ ತನಕ ಮಣ್ಣು, ಮುಖದಲ್ಲಿ ಎಣ್ಣೆಸ್ನಾನ ಮಾಡಿದ ಕಳೆ. ನೇರ ಬಂದು ಎಂಟೂವರೆಯನ್ನು ತಬ್ಬಿಕೊಂಡರು.

"ನನ್ನ ಕಣ್ಣು ತೆರೆಸಿದೆ ಕಣಯ್ಯ! ಜೈಲು ಅಂದ್ಯಲ್ಲ, ಆ ಮಾತು ಇಲ್ಲಿ ನಾಟ್ತು. ಇಷ್ಟು ವರ್ಷ ಊರಿನ ಕಾಲಿಗೆಲ್ಲ ಜೈಲು ಮಾರಿದೆ. ಸಾಕು. ನಾಳೆಯಿಂದ ಈ ಅಂಗಡೀಲಿ ಬೂಟಿಲ್ಲ."

ಕೌಂಟರಿನ ಅಕ್ಕ ಕುಳಿತುಕೊಂಡಳು. ಎಂಟೂವರೆ ನಿಂತೇ ಇದ್ದ. "ಮತ್ತೆ... ಏನ್ ಮಾರೋದು ಸಾರ್?"

"ಜಮಖಾನೆ! ರತ್ನಗಂಬಳಿ! ಬರಿಗಾಲಿಗೆ ಏನು ಬೇಕೋ ಅದು. ಇಲ್ಲೂ ಅದೇ, ಹೊಸ ಅಂಗಡೀಲೂ ಅದೇ. ಅಲ್ಲಿಗೆ ಮ್ಯಾನೇಜರ್ ಮೇಷ್ಟ್ರು. ಒಪ್ಪಿದಾರೆ."

ಮೇಷ್ಟ್ರು ತಾವು ಒಪ್ಪಿರುವುದಾಗಿ ತಲೆಯಾಡಿಸಿದರು.

"ಪಾಲಿಷ್, ನೀನೂ ಬಿಚ್ಚಿದೀಯಾ? ಜಾಣ. ನೀನು ಒಳಗಿರು, ಗಿರಾಕಿಗಳ ಮುಂದೆ ಜಮಖಾನೆ ಹಾಸು, ಮೇಲೆ ನಡೆದು ತೋರಿಸು."

ಎಂಟೂವರೆ ಕಾದ. ತನ್ನ ಸರದಿ ಬರಲಿಲ್ಲವೆಂದು ಕಂಡಾಗ ಕೆಮ್ಮಿದ. "ನಾನು ಸಾರ್?"

"ನಿನ್ನ ಮರೀತೀನೇನಯ್ಯ!" ಯಜಮಾನರು ಅವನ ಹೆಗಲ ಮೇಲೆ ಕೈಯಿಟ್ಟರು. "ಜಮಖಾನೆ ಅಂಗಡಿ ಒಳಗೆ ಯಾರೂ ಬೂಟು ಹಾಕ್ಕೊಂಡು ಕಾಲಿಡೋ ಹಾಗಿಲ್ಲ. ಬಾಗಿಲಲ್ಲೇ ಬಿಚ್ಚಿಸ್ಬೇಕು, ಜೋಡಿ ತಪ್ಪದ ಹಾಗೆ ನೋಡ್ಕೋಬೇಕು, ಹೋಗೋವಾಗ ಕೊಡ್ಬೇಕು. ಆ ಕೆಲಸ ನಿನ್ನಷ್ಟು ಚೆನ್ನಾಗಿ ಯಾರು ಮಾಡ್ತಾರೆ ಹೇಳು?"

ಎಂಟೂವರೆ ತಲೆಯಲ್ಲಿ ಲೆಕ್ಕ ಹಾಕಿದ. ಸಂಬಳ ಬರುತ್ತದೆ. ಕಟ್ಟಡದವರಿಗೆ ಏನಾದರೂ ಹೇಳಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಇನ್ನು ಮೇಲೆ ಕಾಲಿಗೆ ಏನೂ ಕಚ್ಚುವುದಿಲ್ಲ. ಹಿಮ್ಮಡಿಯನ್ನು ತಣ್ಣನೆಯ ನೆಲಕ್ಕೆ ಒತ್ತಿ, "ಆಗ್ಲಿ ಸಾರ್" ಎಂದ. "ನಾನೂ ನಿಮ್ಮ ಹಾಗೇ ಬರಿಗಾಲಲ್ಲಿ..."

"ಛೆ ಛೆ!" ಎಂದರು ಯಜಮಾನರು, ಅವನ ಮಾತಿಗೆ ನಿಜವಾಗಿ ನೊಂದು. "ನೀನು ನಿಲ್ಲೋದು ಹೊರಗೆ, ಬಿಸಿಲಲ್ಲಿ, ಸುಡೋ ಫುಟ್‌ಪಾತ್ ಮೇಲೆ. ನಿನ್ನ ಕಾಲು ಬೆಂದ್ರೆ ನನ್ನ ಮನಸ್ಸು ತಡೆಯುತ್ತಾ? ಒಳಗಿರೋ ನಮಗೆ ಬರಿಗಾಲು. ನಿನಗೆ ಬೂಟು ಕಡ್ಡಾಯ."

ಡ್ರಿಲ್ ಮೇಷ್ಟ್ರು ಆಗಲೇ ಯಜಮಾನರು ಬಿಚ್ಚಿಟ್ಟ ಭಾರಿ ಚರ್ಮದ ಬೂಟುಗಳನ್ನು ತಂದು, ಅವನ ಮುಂದೆ ಮಂಡಿಯೂರಿ ಕುಳಿತಿದ್ದರು.

"ಕಾಲೆತ್ತು" ಎಂದರು. "ಲೇಸು ನಾನು ಕಟ್ತೀನಿ. ಬಿಗಿಯಾಗಿ."