ಸಾರಿನಲ್ಲಿ ಮುಳುಗಿದ ಬಿಸ್ಕತ್ತು

ಮಧುಗಿರಿಯಲ್ಲಿ ಮನೆಯೊಳಗೆ ಬಿಸ್ಕತ್ತು ಬೇಯಿಸಿದ ಮೊದಲ ಗಂಡಸು ನಾನು. ಇದನ್ನು ನಾನೇ ಹೇಳಿಕೊಳ್ಳಬೇಕಾಗಿ ಬಂದಿದೆಯಲ್ಲ, ಅದೇ ಈ ಊರಿನ ಮೇಲೆ ನನಗಿರುವ ದೂರು. ಬೆಟ್ಟದ ಮೇಲೆ ಕೋಟೆ ಕಟ್ಟಿದವರನ್ನು ಎಲ್ಲರೂ ಕೊಂಡಾಡುತ್ತಾರೆ. (ಅವರಿಗೆ ಸಾವಿರಾರು ಆಳುಗಳಿದ್ದರು. ನನಗಿದ್ದವಳು ಒಬ್ಬಳೇ ಹೆಂಡತಿ, ಅವಳೂ ಎದುರು ಪಕ್ಷ.)

ಮಿಡ್ಲ್ ಸ್ಕೂಲಿನ ಹೆಡ್‌ಮಾಸ್ತರನಾದ ನನ್ನನ್ನು ಮಹಾರಾಜರ ಸರ್ಕಾರ ಬೆಂಗಳೂರಿಗೆ ತರಬೇತಿಗೆ ಕಳಿಸಿತ್ತು. ಪಾಠ ಹೇಳುವುದು ಹೇಗೆಂದು ಅಲ್ಲಿ ಕಲಿಸಿದರು. ಅದು ತುಮಕೂರು ದಾಟುವಷ್ಟರಲ್ಲಿ ಮರೆತುಹೋಯಿತು. ಮರೆಯದೆ ಉಳಿದದ್ದು ಬಿಳಿಯರಿದ್ದ ದಂಡಿನ ಮಿಸ್ಸಮ್ಮ ಒಬ್ಬರು ಚಹದ ಜೊತೆ ಕೊಟ್ಟ ಓಟ್ಸ್ ಬಿಸ್ಕತ್ತು. ಅಂಗಡಿಯ ಬಿಸ್ಕತ್ತಿನ ಹಾಗೆ ಕಟುಂ ಎಂದು ಹಲ್ಲಿಗೆ ಸವಾಲು ಹಾಕುವುದಲ್ಲ. ಮೆತ್ತಗೆ ಬೆರಳಿಗೆ ಮಣಿಯುತ್ತದೆ, ಅಗಿದಷ್ಟೂ ರುಚಿ ಬಿಡುತ್ತದೆ, ನಡುನಡುವೆ ಒಣದ್ರಾಕ್ಷಿ ಸಿಕ್ಕಿ ಮನುಷ್ಯನನ್ನು ಒಳ್ಳೆಯವನನ್ನಾಗಿ ಮಾಡುತ್ತದೆ. ಮಾಡುವ ವಿಧಾನ ಕೇಳಿಕೊಂಡು, ಓಟ್ಸಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಊರಿಗೆ ಬಂದೆ.

ನನ್ನ ಹೆಂಡತಿ ಸರ್ವಮಂಗಳಾ ಮುಚ್ಚಳ ತೆಗೆದು ಬಗ್ಗಿ ನೋಡಿದಳು.

"ಅವಲಕ್ಕಿಗೆ ಜ್ವರ ಬಂದಂಗಿದೆ."

"ಅದು ಓಟ್ಸು. ದೊರೆಗಳು ತಿನ್ನೋದು."

"ದೊರೆಗಳ ಕುದುರೆ ತಿನ್ನೋದು ಅಂತ ನಮ್ಮಣ್ಣ ಹೇಳಿದ್ದ."

(ಅವರಣ್ಣ ಅರಮನೆಯ ಲಾಯದಲ್ಲಿ ಗುಮಾಸ್ತ. ಅವನ ಪ್ರಪಂಚಜ್ಞಾನವೆಲ್ಲ ಕುದುರೆಯ ಹಿಂಬದಿಯಿಂದ ಕಂಡದ್ದು.)

ಅಷ್ಟರಲ್ಲಿ ನಮ್ಮ ಮಗಳು ಇಂದ್ರಮ್ಮನನ್ನು ನೋಡಲು ಸಿರಾದಿಂದ ಜವಳಿ ವರ್ತಕರಾದ ಚನ್ನಮಲ್ಲಯ್ಯನವರು ಬರುತ್ತಾರೆಂದು ಸುದ್ದಿ ಬಂತು. ಹುಡುಗ ಅವರ ಮಗ, ಬಿ.ಎ.; ಇಂಥ ಸಂಬಂಧ ತಪ್ಪಿದರೆ ಮತ್ತೆ ಸಿಗುವುದಲ್ಲ. ಆದರೆ ಆ ಮನೆಯಲ್ಲಿ ಮಾತು ನಡೆಯುವುದು ಚನ್ನಮಲ್ಲಯ್ಯನವರ ತಾಯಿಯದು. ಆ ಅಜ್ಜಿ ಕೊರಟಗೆರೆಯ ಹೆಣ್ಣನ್ನೂ ಪಾವಗಡದ ಹೆಣ್ಣನ್ನೂ ಬೇಡವೆಂದು ಎದ್ದು ಬಂದಿದ್ದರು. ಎರಡು ಕಡೆಯೂ ತಟ್ಟೆಯಲ್ಲಿ ಕೋಡುಬಳೆ ಇಟ್ಟಿದ್ದರಂತೆ, ಅಜ್ಜಿಯ ಬಾಯಲ್ಲಿ ಹಲ್ಲಿಲ್ಲವಂತೆ.

ನನ್ನ ಕಾಲ ಬಂತೆಂದು ಗೊತ್ತಾಯಿತು. ಮೆತ್ತನೆಯ ಬಿಸ್ಕತ್ತನ್ನು ವಿಧಿಯೇ ಆ ಬೊಚ್ಚುಬಾಯಿಗಾಗಿ ದಂಡಿನಿಂದ ಕಳಿಸಿದೆ ಎಂದು ಹೆಂಡತಿಗೆ ವಿವರಿಸಿದೆ. ಕೋಡುಬಳೆ ಕೈಬಿಟ್ಟು ಅವಳು ಒಪ್ಪಿದಳು, ಒಂದು ಷರತ್ತಿನ ಮೇಲೆ.

"ಯಾರು ಮಾಡಿದ್ದು ಅಂತ ಕೇಳಿದ್ರೆ ಇಂದ್ರಮ್ಮ ಅನ್ನಬೇಕು. ಅವರು ನೋಡೋಕೆ ಬರೋದು ಹುಡುಗೀನ, ನಿಮ್ಮನ್ನಲ್ಲ."

ಆಗಲಿ ಎಂದು ವಿಭೂತಿ ಮುಟ್ಟಿ ಮಾತು ಕೊಟ್ಟೆ.

ಮಿಸ್ಸಮ್ಮನ ವಿಧಾನದಲ್ಲಿ ಮೊಟ್ಟೆ ಇತ್ತು; ಆ ಶಬ್ದವನ್ನು ನಮ್ಮ ಹೊಸ್ತಿಲಲ್ಲೇ ಬಿಟ್ಟು ಬಾಳೆಹಣ್ಣು ಕಿವುಚಿದೆ. ಸಕ್ಕರೆಯ ಜಾಗದಲ್ಲಿ ಬೆಲ್ಲ, ಜೊತೆಗೆ ಮನೆಯ ಬೆಣ್ಣೆ, ಚಿಟಿಕೆ ಸೋಡಾ, ಸಾಬರ ಅಂಗಡಿಯ ಕಿಸ್‌ಮಿಸ್. ಒಲೆಯ ಮೇಲೆ ಮರಳು ತುಂಬಿದ ಕೊಳದಪ್ಪಲೆ, ಅದರೊಳಗೆ ತಟ್ಟೆ, ಮುಚ್ಚಳದ ಮೇಲೆ ಕೆಂಡ. ಅಂಚು ಕೆಂಪಾಗಿ ನಡುವೆ ಇನ್ನೂ ಮೆತ್ತಗಿರುವಾಗಲೇ ಇಳಿಸಬೇಕು, ಗುಟ್ಟಿರುವುದು ಅಲ್ಲಿ. "ಬೆಂದಿಲ್ಲ, ಇನ್ನಷ್ಟು ಕೆಂಡ ಹಾಕಿ" ಎಂದು ಹೆಂಡತಿ ಮುಚ್ಚಳಕ್ಕೆ ಕೈ ಹಾಕಿದಾಗಲೆಲ್ಲ ನಾನು ತಪ್ಪಲೆಗೆ ಅಡ್ಡ ನಿಂತು ಕೋಟೆ ಕಾಯ್ದೆ. ಕೊನೆಗೆ ಹೊರಬಂದವು ನೋಡಿ, ಕಂದು ಬಣ್ಣದ ಗುಂಡನೆಯ ಪುಟ್ಟ ಪುಟ್ಟ ಸಾಮ್ರಾಜ್ಯಗಳು! ಒಂದನ್ನು ಮುರಿದು ಬಾಯಿಗಿಟ್ಟುಕೊಂಡೆ. ಮಿಸ್ಸಮ್ಮ ಇದ್ದಿದ್ದರೆ ಟೋಪಿ ತೆಗೆಯುತ್ತಿದ್ದರು.

ಬೀಗರಾಗಬೇಕಾದವರು ಬಂದರು, ಜಮಖಾನದ ಮೇಲೆ ಕೂತರು. ಇಂದ್ರಮ್ಮ ತಟ್ಟೆ ತಂದು ಅಜ್ಜಿಯ ಮುಂದಿಟ್ಟು ನಮಸ್ಕಾರ ಮಾಡಿದಳು. ಅಜ್ಜಿ ಬಿಸ್ಕತ್ತನ್ನು ಕೈಗೆತ್ತಿಕೊಂಡು ಹೆಬ್ಬೆರಳಿನಿಂದ ಒತ್ತಿದರು. ಮಣಿಯಿತು. ಮುಖ ಅರಳಿತು. ನನ್ನ ಎದೆ ಉಬ್ಬಿತು.

"ಸಾರು ಎಲ್ಲಮ್ಮ?" ಎಂದರು ಅಜ್ಜಿ.

ಏನು ಹೇಳಲಿ. ನಮ್ಮ ಸೀಮೆಯಲ್ಲಿ ಕಂದು ಬಣ್ಣಕ್ಕೆ, ಗುಂಡಗೆ, ಮೆತ್ತಗೆ ಇರುವ ವಸ್ತು ಒಂದೇ. ಅದನ್ನು ಅಗಿದವನನ್ನು ಪರದೇಶಿ ಎನ್ನುತ್ತಾರೆ. ಅದು ನುಂಗುವ ಪದಾರ್ಥ. ನಾನು ಬಾಯಿ ತೆರೆಯುವಷ್ಟರಲ್ಲಿ ಸರ್ವಮಂಗಳಾ ಬೆಳಗಿನ ಹುರಳಿ ಸಾರು ತಂದು ಬಗ್ಗಿಸಿಯೇಬಿಟ್ಟಳು. ದಂಡಿನ ನಾಗರಿಕತೆ ಹುರಳಿ ಸಾರಿನಲ್ಲಿ ಮುಳುಗಿತು. ಅಜ್ಜಿ ಉಂಡೆ ಕಟ್ಟಿ, ಅದ್ದಿ, ಕಣ್ಣು ಮುಚ್ಚಿ ನುಂಗಿದರು. ಇನ್ನೊಂದನ್ನೂ ನುಂಗಿದರು. ಚನ್ನಮಲ್ಲಯ್ಯನವರು ಉಸಿರು ಹಿಡಿದು ತಾಯಿಯ ಗಂಟಲನ್ನೇ ನೋಡುತ್ತಿದ್ದರು.

"ಬೆಲ್ಲ ಹಾಕಿ ಮುದ್ದೆ ಕಟ್ಟವ್ರೆ, ದೊಡ್ಡ ಮನೆಯೋರು," ಎಂದರು ಅಜ್ಜಿ. "ಹದ ಚೆನ್ನಾಗೈತೆ. ಒಳಗೆ ಮಾತ್ರ ಗಂಟು ಉಳಕಂಡವೆ. ಎಳೆ ವಯಸ್ಸಿನ ಹುಡುಗಿ, ತಿರುವೋಕೆ ಕೈ ಸಾಲ್ದು. ಹೋಗ್ಲಿ ಬುಡು."

ಗಂಟು! ಕಿಸ್‌ಮಿಸ್ಸಿಗೆ ಗಂಟು ಅಂದರು. ಅಲ್ಲಿಗೆ ಸುಮ್ಮನಿದ್ದಿದ್ದರೆ ಮಗಳ ಮದುವೆ ಆದಂತೆಯೇ ಇತ್ತು. ಸರ್ವಮಂಗಳಾ ಕಣ್ಣಿನಲ್ಲೇ ನನ್ನನ್ನು ಕಟ್ಟಿಹಾಕಲು ನೋಡಿದಳು. ಆದರೆ ಮನುಷ್ಯನಿಗೆ ಮಾನ ಎನ್ನುವುದು ಒಂದಿರುತ್ತದಲ್ಲ.

"ಅದು ಗಂಟಲ್ಲ, ದ್ರಾಕ್ಷಿ," ಎಂದೆ. "ಅದು ಮುದ್ದೆಯೂ ಅಲ್ಲ, ಬಿಸ್ಕತ್ತು. ಅದನ್ನ ಅಗಿಯಬೇಕು. ಮಾಡಿದವನು ನಾನು."

ಇಂದ್ರಮ್ಮ ಸೆರಗಿನ ತುದಿ ತಿರುಚುತ್ತ ನೆಲ ನೋಡಿದಳು. ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದು, ನನ್ನ ಹೆಂಡತಿಯ ಕಡೆ ತಿರುಗಿದರು.

"ಹಂಗಾರೆ ನಿನ್ ಮಗಳು ಏನ್ ಮಾಡ್ತಾಳವ್ವ?"

"ಸಾರು," ಎಂದಳು ಸರ್ವಮಂಗಳಾ, ಕಣ್ಣು ಮಿಟುಕಿಸದೆ.

ಅಜ್ಜಿ ಬಟ್ಟಲಲ್ಲಿ ಉಳಿದಿದ್ದನ್ನು ಬೆರಳಲ್ಲಿ ಬಳಿದು ನೆಕ್ಕಿದರು.

"ಸಾರು ಮಾಡೋಳು ನಮ್ಮನೆಗೆ ಬರ್ಲಿ. ಗಂಟು ಮಾಡೋನು ಇಲ್ಲೇ ಇರ್ಲಿ."

ಹೀಗೆ ಮದುವೆ ನಿಶ್ಚಯವಾಯಿತು, ಹುರಳಿಯ ಪುಣ್ಯದಿಂದ. ಅವಳಮ್ಮನ ಕೈಯ ಆ ಸಾರನ್ನು ಇಂದ್ರಮ್ಮ ಮದುವೆಯ ಹಿಂದಿನ ದಿನದವರೆಗೂ ಕಲಿಯುತ್ತಲೇ ಇದ್ದಳು.

ಆದರೂ ಹೆಮ್ಮೆಯ ವಿಷಯ ಕೇಳಿ. ಸಿರಾದ ಅಜ್ಜಿಗೆ ಈಗ ನನ್ನ ಬಿಸ್ಕತ್ತಿಲ್ಲದೆ ಊಟ ಸೇರದಂತೆ. ಹಬ್ಬಕ್ಕೊಮ್ಮೆ ಡಬ್ಬಿ ತುಂಬಿ ಬಸ್ಸಿಗೆ ಕೊಡುತ್ತೇನೆ. ಗಂಟು ತೆಗೆದು ಕಳಿಸಬೇಕೆಂದು ಅಪ್ಪಣೆಯಾಗಿರುವುದರಿಂದ ದ್ರಾಕ್ಷಿ ಹಾಕುವಂತಿಲ್ಲ. ಆದರೆ ಕಲೆಗಾರನ ಸಹಿ ಎಂದು ಒಂದೇ ಒಂದು ಬಿಸ್ಕತ್ತಿನ ಹೊಟ್ಟೆಯಲ್ಲಿ ಒಂದೇ ಒಂದು ದ್ರಾಕ್ಷಿ ಅಡಗಿಸಿಡುತ್ತೇನೆ.

ಪ್ರತಿ ಸಲವೂ ಖಾಲಿ ಡಬ್ಬಿಯ ಜೊತೆ ಅಜ್ಜಿಯ ಮಾತು ಬರುತ್ತದೆ:

"ಈ ಸಲ ಒಂದೇ ಗಂಟು. ಮೇಷ್ಟ್ರಿಗೆ ಕೈ ಕುದುರ್ತಾ ಐತೆ."