ನಮ್ಮ ಪಾಪುವಿಗೆ ಸಿಕ್ಕ ಬಡ್ತಿ

ಇಪ್ಪತ್ತೆರಡು ವರ್ಷಗಳಿಂದ ನಾನು ಜನರಿಗೆ ಕಾರು ಓಡಿಸುವುದನ್ನು ಕಲಿಸುತ್ತಿದ್ದೇನೆ. ಎಡಕ್ಕೆ ತಿರುಗಿಸಿ ಎಂದರೆ ತಲೆಯನ್ನು ಎಡಕ್ಕೆ ತಿರುಗಿಸಿ ಕಾರನ್ನು ಬಲಕ್ಕೆ ಬಿಡುವವರು, ಬ್ರೇಕ್ ಎಂದರೆ ಕಣ್ಣು ಮುಚ್ಚಿಕೊಳ್ಳುವವರು, ಎದುರಿಗೆ ಲಾರಿ ಬಂದರೆ ಸ್ಟೀರಿಂಗ್ ಬಿಟ್ಟು ನನ್ನ ತೋಳು ಹಿಡಿದುಕೊಳ್ಳುವವರು, ಇಂಥ ಮಹಾನುಭಾವರೆಲ್ಲ ನನ್ನ ಕೈಯಲ್ಲಿ ಪಳಗಿ ಲೈಸೆನ್ಸ್ ಪಡೆದು ರಸ್ತೆಗಿಳಿದಿದ್ದಾರೆ. ಹೀಗಿರುವಾಗ ಒಂದು ನಾಯಿಗೆ ನಾಲ್ಕು ಮಾತು ಕಲಿಸುವುದು ನನಗೆ ಯಾವ ಮಹಾ ಕೆಲಸ!

"ಮೂರೇ ವಾರ. ಮಗು ಬರೋದ್ರೊಳಗೆ ಇದನ್ನ ಋಷಿ ಮಾಡಿ ಕೂರಿಸ್ತೀನಿ," ಎಂದು ಹೆಂಡತಿಯ ಮುಂದೆ ಎದೆ ತಟ್ಟಿಕೊಂಡೆ.

"ಮೊದಲು ಋಷಿಗಳ ಬಾಯಲ್ಲಿರೋ ನಿಮ್ಮ ಸಾಕ್ಸ್ ಬಿಡಿಸ್ಕೊಳ್ಳಿ," ಎಂದಳು ಆಕೆ.

ಎದೆ ತಟ್ಟಿಕೊಳ್ಳಲು ಕಾರಣವಿತ್ತು. ಹೆಂಡತಿಗೆ ಏಳು ತಿಂಗಳು ತುಂಬಿದ ದಿನ ಅವಳ ಅಣ್ಣ, ಅಂದರೆ ನನ್ನ ಭಾವ, ಫೋನ್ ಮಾಡಿ ತೀರ್ಪು ಕೊಟ್ಟಿದ್ದರು. ಹಸುಗೂಸು ಇರುವ ಮನೆಯಲ್ಲಿ ನಾಯಿ ಇರಕೂಡದು, ತಮ್ಮ ಮರದ ಡಿಪೋಗೆ ಕಳಿಸಿದರೆ ಕಾವಲಿಗೆ ಕಟ್ಟಿಹಾಕಿಕೊಳ್ಳುತ್ತಾರಂತೆ. ಸೋಫಾದ ಮೇಲೆ ದಿಂಬಿಟ್ಟುಕೊಂಡು ಮಲಗುವ ನಮ್ಮ ನಾಯಿ, ಡಿಪೋದಲ್ಲಿ ಸರಪಳಿ! ಹೆಂಡತಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಕೊನೆಗೆ ಕಾಡಿ ಬೇಡಿ ಮೂರು ವಾರದ ಗಡುವು ಪಡೆದೆವು. ಗಡುವು ಮುಗಿದ ಭಾನುವಾರ ಭಾವ ಖುದ್ದಾಗಿ ಬಂದು ಪರೀಕ್ಷೆ ಮಾಡುವುದು, ತೊಟ್ಟಿಲಲ್ಲಿ ಮಲಗಿಸಿದ ಗೊಂಬೆಯನ್ನು ನಾಯಿ ಮುಟ್ಟಿದರೆ ತಾವು ಬಂದ ಕಾರಿನಲ್ಲೇ ಅದನ್ನು ಕರೆದುಕೊಂಡು ಹೋಗುವುದು ಎಂದು ಒಪ್ಪಂದವಾಯಿತು.

ಮೊದಲ ತೊಡಕು ನಾಯಿಯ ಹೆಸರು. ಮದುವೆಯಾಗಿ ಎಂಟು ವರ್ಷ ಮಕ್ಕಳಿಲ್ಲದ ನಾವು ಆ ಮರಿಯನ್ನು ತಂದ ದಿನದಿಂದಲೂ 'ಪಾಪು' ಎಂದೇ ಕರೆದವರು. ಅದಕ್ಕೂ ತಾನು ಪಾಪು ಎಂಬುದರಲ್ಲಿ ಎಳ್ಳಷ್ಟೂ ಸಂಶಯವಿಲ್ಲ. ಮೂವತ್ತು ಕಿಲೋ ತೂಕದ ಈ ಪಾಪು "ಪಾಪು ಎಲ್ಲಿ?" ಎಂದರೆ ಸಾಕು, ಓಡಿ ಬಂದು ಹೆಂಡತಿಯ ತೊಡೆ ಏರುತ್ತಿತ್ತು. ಅವಳಿಗೂ ಅಭ್ಯಾಸ ಬಿಟ್ಟಿರಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರಮ್ಮ, "ಪಾಪು ಚೆನ್ನಾಗಿ ಒದೆಯುತ್ತಾ?" ಎಂದು ಕೇಳಿದ್ದಕ್ಕೆ ನನ್ನ ಹೆಂಡತಿ, "ಒದೆಯೋದೇನೋ ಪರವಾಗಿಲ್ಲ ಡಾಕ್ಟ್ರೇ, ಹಾಸಿಗೆ ತುಂಬ ಕೂದಲು ಉದುರಿಸುತ್ತೆ," ಎಂದಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ನಮ್ಮಿಬ್ಬರನ್ನೂ ಬಹಳ ಹೊತ್ತು ನೋಡಿದರು.

ಮನೆಗೆ ಬಂದವನೇ ಆಜ್ಞೆ ಹೊರಡಿಸಿದೆ. ಇಂದಿನಿಂದ ಪಾಪು ಎಂಬ ಹುದ್ದೆ ಖಾಲಿ. ಅದು ಹುಟ್ಟಲಿರುವ ಮಗುವಿಗೆ ಮೀಸಲು. ಸದರಿ ನಾಯಿಗೆ ಬಡ್ತಿ ನೀಡಿ 'ಅಣ್ಣ' ಎಂದು ನೇಮಿಸಲಾಗಿದೆ. ಮಗುವಿಗೆ ಅದು ಅಣ್ಣನೇ ತಾನೇ? ಹೆಸರಿನ ಜೊತೆಗೇ ಜವಾಬ್ದಾರಿಯೂ ಬರುತ್ತದೆ ಎಂದು ನನ್ನ ಘನವಾದ ವಾದ. ಹೆಂಡತಿ ಏನನ್ನೋ ಹೇಳಲು ಬಾಯಿ ತೆರೆದಳು. ಕಲಿಸುವವನು ನಾನು, ನಡುವೆ ಬಾಯಿ ಹಾಕಬೇಡ ಎಂದೆ. ಆ ಮಾತನ್ನು ನಾನು ಆಡಬಾರದಿತ್ತು.

ಪಾಠ ಶುರುವಾಯಿತು. ನೆಲದ ಮೇಲೆಯೇ ಬಾಗಿದ ಕಾಲುಗಳ ಮೇಲೆ ತೂಗುವ ತೊಟ್ಟಿಲು, ಅದರಲ್ಲಿ ಟವೆಲು ಸುತ್ತಿದ ಪ್ಲಾಸ್ಟಿಕ್ ಗೊಂಬೆ, ಟವೆಲಿನೊಳಗೆ ಮಗುವಿನ ಅಳು ತುಂಬಿದ ನನ್ನ ಫೋನ್. ಅಳು ಕೇಳಿದ ಕೂಡಲೇ ನಾಯಿ ಹಾರಿ ಬರುವುದು, ನಾನು ಕೂಗುವುದು. "ಅಣ್ಣ, ದೂರ." "ಅಣ್ಣ, ಮೂಸಬೇಡ." "ಅಣ್ಣ, ಕೂತ್ಕೋ." ಕೂತರೆ ಬಿಸ್ಕತ್ತು. ಮೊದಲ ವಾರ ಅದು ಬಿಸ್ಕತ್ತಿನ ಜೊತೆ ಟವೆಲನ್ನೂ ತಿಂದಿತು. ಎರಡನೆಯ ವಾರ ನಾನು ರಜೆ ಹಾಕಬೇಕಾಯಿತು. ಮೂರನೆಯ ವಾರ ಪವಾಡ! ಗೊಂಬೆ ಎಷ್ಟೇ ಕಿರುಚಲಿ, 'ಅಣ್ಣ' ಎಂದ ತಕ್ಷಣ ಚಾಪೆಗೆ ಓಡಿ, ಕೂತು, ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿತ್ತು.

ತೊಂದರೆ ಒಂದೇ. ನಾನು ಆರಿಸಿದ್ದು ಕನ್ನಡದಲ್ಲಿ ದಿನಕ್ಕೆ ಸಾವಿರ ಸಲ ಕೇಳಿಬರುವ ಮಾತು. ಹಾಲು ತರುವವನು ಅಣ್ಣ, ಗ್ಯಾಸ್ ತರುವವನು ಅಣ್ಣ, ನಲ್ಲಿ ರಿಪೇರಿಯವನು ಅಣ್ಣ. ಗೇಟಿನ ಹೊರಗೆ ಯಾರೋ, "ಅಣ್ಣ, ಸ್ವಲ್ಪ ಗಾಡಿ ಆ ಕಡೆ ತೆಗೀರಿ," ಎಂದರೆ ನಮ್ಮ ನಾಯಿ ಆ ಕಡೆ ಸರಿದು ಕೂರುತ್ತಿತ್ತು. ಪಕ್ಕದ ಮನೆಯ ಹುಡುಗಿ ಮಹಡಿಯಿಂದ ತನ್ನ ಅಣ್ಣನನ್ನು ಊಟಕ್ಕೆ ಕರೆದಾಗ ಅವನಿಗಿಂತ ಮೊದಲು ನಮ್ಮದು ಹೋಗಿ ತಟ್ಟೆಯ ಮುಂದೆ ಕೂತಿತ್ತು. ದಿನಕ್ಕೆ ನಾಲ್ಕು ಮನೆಯವರಿಗೆ ಕ್ಷಮೆ ಕೇಳಿ ಕೇಳಿ ನನಗೆ ಸಾಕುಸಾಕಾಯಿತು. ಆದರೂ ಬುದ್ಧಿಗೆ ಹೊಳೆಯಬೇಕಾದ್ದು ಹೊಳೆಯಲಿಲ್ಲ.

ಅದು ಹೊಳೆದದ್ದು ಭಾನುವಾರ, ಭಾವ ಬಾಗಿಲಲ್ಲಿ ನಿಂತಾಗ.

ಭಾವ ಗಂಭೀರ ಮನುಷ್ಯ. ಇಸ್ತ್ರಿಯ ಗೆರೆ ಮುರಿಯದ ಬಿಳಿ ಶರಟು, ಅಳೆದು ತೂಗಿ ಮಾತು. ಅವರು ಒಳಗೆ ಕಾಲಿಟ್ಟೊಡನೆ ಹೆಂಡತಿ ಅಕ್ಕರೆಯಿಂದ ಹೇಳಿದಳು:

"ಅಣ್ಣ, ಬಾ. ಕೂತ್ಕೋ."

ಇಬ್ಬರೂ ಬಂದರು. ಇಬ್ಬರೂ ಕೂತರು. ಒಬ್ಬರು ಸೋಫಾದ ಮೇಲೆ, ಒಬ್ಬರು ಚಾಪೆಯ ಮೇಲೆ. ಭಾವನಿಗೆ ಮೆಚ್ಚುಗೆಯಾಯಿತು. ನಾಯಿ ಪರವಾಗಿಲ್ಲವೇ, ತಂತಾನೇ ಕೂತಿತಲ್ಲ ಎಂದರು. ಇಷ್ಟಕ್ಕೇ ಪರೀಕ್ಷೆ ಮುಗಿಸಿ ಕಾಫಿ ಕೊಟ್ಟು ಕಳಿಸಿದ್ದರೆ ನಾನು ಇವತ್ತೂ ತಲೆಯೆತ್ತಿಕೊಂಡು ಓಡಾಡುತ್ತಿದ್ದೆ. ಆದರೆ ನನ್ನ ವಿದ್ಯೆ ಪೂರ್ತಿ ತೋರಿಸಬೇಡವೇ? ಗೊಂಬೆಯನ್ನು ತೊಟ್ಟಿಲಲ್ಲಿ ಮಲಗಿಸಿ ಅಳು ಹಾಕಿದೆ.

ಅಳು ಥೇಟು ಮಗುವಿನದೇ. ಭಾವ ಕುತೂಹಲದಿಂದ ಎದ್ದು ಬಂದು ತೊಟ್ಟಿಲೊಳಗೆ ಬಗ್ಗಿದರು. ಅದೇ ಕ್ಷಣ ಚಾಪೆಯ ಮೇಲೆ ನಾಯಿ ಎದ್ದು ಒಂದು ಹೆಜ್ಜೆ ಮುಂದಿಟ್ಟಿತು. ಮೂರು ವಾರದ ಅಭ್ಯಾಸ, ನನ್ನ ಬಾಯಿ ನನ್ನ ಅಪ್ಪಣೆಗೆ ಕಾಯಲಿಲ್ಲ.

"ಅಣ್ಣ, ಮೂಸಬೇಡ! ಮೂತಿ ತೆಗಿ! ದೂರ!"

ಭಾವ ಬಗ್ಗಿದಲ್ಲೇ ಕಲ್ಲಾದರು. ನಾಯಿ ಚಾಪೆಗೆ ಹೋಗಿ ಕೂತಿತು. ಹೆಂಡತಿ ಗಾಬರಿಯಿಂದ, "ಅಣ್ಣ, ನಿನಗಲ್ಲ, ಅಣ್ಣನಿಗೆ ಹೇಳಿದ್ದು," ಎಂದಳು.

"ಯಾವ ಅಣ್ಣ?" ಎಂದರು ಭಾವ, ನಿಧಾನವಾಗಿ ನೆಟ್ಟಗಾಗುತ್ತ.

ನಾನು ಪರಿಸ್ಥಿತಿ ಸುಧಾರಿಸಲು ನುಗ್ಗಿದೆ. ನಾಯಿ ಮಗುವಿಗೆ ಅಣ್ಣನಿದ್ದ ಹಾಗೆ, ಅದಕ್ಕೇ ಆ ಹೆಸರು, ತಾವು ತಪ್ಪು ತಿಳಿಯಬಾರದು ಎಂದು ಬಡಬಡಿಸಿದೆ.

"ಮಗುವಿಗೆ ಅದು ಅಣ್ಣ ಆದ್ರೆ, ಅದಕ್ಕೆ ನಾನೇನಾಗ್ಬೇಕು?"

"ಸೋದರಮಾವ," ಎಂದೆ. ಸಂಬಂಧ ಸರಿಯಾಗಿಯೇ ಇತ್ತು. ಹೇಳಬೇಕಾಗಿರಲಿಲ್ಲ, ಅಷ್ಟೇ.

ಭಾವ ಕೆಂಪಗಾಗಿ ನನ್ನ ಕಡೆ ಹೆಜ್ಜೆ ಹಾಕಿದರು. ಎದುರಿಗೆ ಏನಾದರೂ ನುಗ್ಗಿ ಬಂದರೆ ನನ್ನ ಬಲಗಾಲು ತಾನಾಗಿಯೇ ಬ್ರೇಕ್ ಒತ್ತುತ್ತದೆ. ಇಪ್ಪತ್ತೆರಡು ವರ್ಷ ಪಕ್ಕದ ಸೀಟಿನಲ್ಲಿ ಕೂತವನ ಕಾಲು ಅದು. ಕಾರಿನಲ್ಲಿ ಆ ಜಾಗದಲ್ಲಿ ನನಗೆಂದೇ ಇನ್ನೊಂದು ಬ್ರೇಕ್ ಇರುತ್ತದೆ. ಮನೆಯಲ್ಲಿ ಇದ್ದದ್ದು ತೊಟ್ಟಿಲಿನ ಬಾಗಿದ ಕಾಲು. ಇದ್ದ ಶಕ್ತಿಯೆಲ್ಲ ಹಾಕಿ ತುಳಿದೆ.

ಗೊಂಬೆ ಮೇಲಕ್ಕೆ ಹಾರಿತು. ಸೂರಿಗೆ ಬಡಿಯಿತು. ತಲೆ ಕಳಚಿ ಉರುಳಿಕೊಂಡು ಭಾವನ ಪಾದದ ಹತ್ತಿರ ನಿಂತಿತು. ಮುಂಡ ನಾಯಿಯ ಮೂಗಿನ ಮುಂದೆ ಬಿತ್ತು. ಟವೆಲಿನೊಳಗಿಂದ ಅಳು ಮಾತ್ರ ಕೇಳುತ್ತಲೇ ಇತ್ತು.

ನಾಯಿ ಮುಂಡವನ್ನು ನೋಡಿತು, ನನ್ನನ್ನು ನೋಡಿತು, ಮುಖ ಆ ಕಡೆ ತಿರುಗಿಸಿಕೊಂಡು ಕೂತಿತು. ಮೂಸಲಿಲ್ಲ. ಮುಟ್ಟಲಿಲ್ಲ.

ಭಾವ ಬಾಗಿಲಿಗೆ ಹೋಗಿ ಚಪ್ಪಲಿ ಮೆಟ್ಟಿಕೊಳ್ಳತೊಡಗಿದರು. ಕಾರಿನ ಕೀಲಿ ಕೈಯಲ್ಲಿತ್ತು. ಹೆಂಡತಿಯ ಕಣ್ಣು ತುಂಬಿತು. ಸೋಫಾ ಹಿಡಿದುಕೊಂಡು ಕಷ್ಟಪಟ್ಟು ಏಳುತ್ತ ಹೇಳಿದಳು:

"ಅಣ್ಣ, ಹೀಗೆ ಹೋಗ್ಬೇಡ."

ನಾಯಿ ಚಾಪೆ ಬಿಟ್ಟು ಬಂದು, ಅವಳ ಪಾದದ ಮೇಲೆ ಗಲ್ಲವಿಟ್ಟು ಮಲಗಿತು. ಬಾಗಿಲಲ್ಲಿದ್ದ ಭಾವ ಅದನ್ನೇ ನೋಡುತ್ತ ನಿಂತರು. ತಂಗಿ ಕರೆದದ್ದು ಇಬ್ಬರನ್ನು, ಬಂದದ್ದು ಒಂದೇ. ಆಮೇಲೆ ಅವರು ಚಪ್ಪಲಿ ಬಿಟ್ಟು ಒಳಗೆ ಬಂದು, ನಾಯಿಯ ತಲೆಯ ಮೇಲೆ ಒಂದು ಸಲ ಕೈಯಾಡಿಸಿದರು.

"ನಾಯಿ ಇಲ್ಲೇ ಇರಲಿ," ಎಂದರು. "ಹೇಳಿದ್ದು ಕೇಳುತ್ತೆ, ಬೇಡ ಅಂದಿದ್ದು ಮುಟ್ಟಲ್ಲ. ಇದರ ಹತ್ರ ಮಗೂನ ಧೈರ್ಯವಾಗಿ ಬಿಡಬಹುದು."

ನಾನು ಗೆದ್ದೆ ಎಂದು ಎದೆಯುಬ್ಬಿಸಿದೆ. ಭಾವ ಗೊಂಬೆಯ ತಲೆಯನ್ನು ಎತ್ತಿ ನನ್ನ ಕೈಗೆ ಕೊಟ್ಟು, ತಂಗಿಯ ಕಡೆ ತಿರುಗಿದರು.

"ಆದ್ರೆ ಮಗು ಜೊತೆ ಇವರೊಬ್ಬರನ್ನೇ ಬಿಟ್ಟು ಎಲ್ಲೂ ಹೋಗ್ಬೇಡಮ್ಮ. ನಾಯಿ ಇರೋ ಹಾಗೆ ನೋಡ್ಕೋ."